ಕ್ಯಾಮೆರಾ ಎಂಟು, ನೆನಪು ಆರೇ ದಿನ

ಮಂಡ್ಯ, ಮದ್ದೂರು, ಮಳವಳ್ಳಿಗಳ ಪೇಟೆಯಲ್ಲಿ ಸಿಸಿ ಕ್ಯಾಮೆರಾ ಇಲ್ಲದ ದೊಡ್ಡ ಅಂಗಡಿ ಈಗ ಅಪರೂಪ. ಚಿನ್ನದಂಗಡಿ, ಮೆಡಿಕಲ್ ಸ್ಟೋರ್, ನರ್ಸಿಂಗ್ ಹೋಂ, ಕಲ್ಯಾಣ ಮಂಟಪ, ಅಕ್ಕಿ ಗಿರಣಿ ಎಲ್ಲ ಕಡೆಗೂ ಅವು ಬಂದಿವೆ. ಆದರೆ ನಾವು ಅವನ್ನು ಕೊಳ್ಳುವ ಕ್ರಮದಲ್ಲೇ ಒಂದು ದೋಷವಿದೆ. ಕೊಟೇಶನ್‌ನ ಮೊದಲ ಸಾಲಿನಲ್ಲಿ ಎಷ್ಟು ಕ್ಯಾಮೆರಾ, ಎಷ್ಟು ಮೆಗಾಪಿಕ್ಸೆಲ್ ಎಂದಿರುತ್ತದೆ. ಹಾರ್ಡ್‌ಡಿಸ್ಕ್ ಕೊನೆಯ ಸಾಲಿನಲ್ಲಿ ‘ಒನ್ ಟಿಬಿ’ ಎಂದು ಮುಗಿದುಹೋಗುತ್ತದೆ. ಚೌಕಾಸಿ ಶುರುವಾದರೆ ಮೊದಲು ಕತ್ತರಿ ಬೀಳುವುದೂ ಅದಕ್ಕೇ. ಈ ಕ್ರಮ ತಲೆಕೆಳಗಾಗಬೇಕು. ಎಷ್ಟು ದಿನದ ದೃಶ್ಯ ಉಳಿಯಬೇಕು ಎಂಬುದನ್ನು ಮೊದಲು ತೀರ್ಮಾನಿಸಿದರೆ ಡಿಸ್ಕು, ಡಬ್ಬಿ, ಕಂಪ್ಯೂಟರ್ ಎಲ್ಲವೂ ಅದರ ಹಿಂದೆ ಲೆಕ್ಕದಂತೆ ಬರುತ್ತವೆ.

ದಿನಗಳ ಪ್ರಶ್ನೆಗೆ ಕಾನೂನೇ ಉತ್ತರ ಕೊಟ್ಟಿದೆ. ಒಮ್ಮೆಗೆ ನೂರು ಮಂದಿ ಅಥವಾ ದಿನಕ್ಕೆ ಐನೂರು ಮಂದಿ ಸೇರಬಹುದಾದ ಸ್ಥಳಗಳಲ್ಲಿ ಕ್ಯಾಮೆರಾ ಇರಬೇಕು, ದೃಶ್ಯವನ್ನು 30 ದಿನ ಉಳಿಸಿಕೊಳ್ಳಬೇಕು ಎನ್ನುತ್ತದೆ ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕ್ರಮಗಳ ಜಾರಿ ಕಾಯ್ದೆ. ನಮ್ಮ ಕಲ್ಯಾಣ ಮಂಟಪಗಳು, ದೊಡ್ಡ ಆಸ್ಪತ್ರೆಗಳು, ಹೆದ್ದಾರಿ ಬದಿಯ ತುಂಬಿ ತುಳುಕುವ ಹೋಟೆಲುಗಳು ಈ ಮಾತಿನೊಳಗೇ ಬರುತ್ತವೆ. ಪೊಲೀಸ್ ಠಾಣೆಗಳಿಗಂತೂ ಸುಪ್ರೀಂ ಕೋರ್ಟ್ 2020ರ ಡಿಸೆಂಬರ್ 2ರ ತೀರ್ಪಿನಲ್ಲಿ 18 ತಿಂಗಳ ಸಂಗ್ರಹ ಬೇಕೆಂದಿತು. ಅಷ್ಟು ಸಾಮರ್ಥ್ಯದ ಉಪಕರಣ ಸಿಗದಿದ್ದರೂ ಒಂದು ವರ್ಷಕ್ಕಿಂತ ಕಡಿಮೆ ಕೂಡದೆಂದಿತು.

ಈಗ ಲೆಕ್ಕಕ್ಕೆ ಬರೋಣ. ಎರಡು ಮೆಗಾಪಿಕ್ಸೆಲ್ ಕ್ಯಾಮೆರಾ, ಎಚ್.265 ಸಂಕೋಚನ, ಸೆಕೆಂಡಿಗೆ ಸುಮಾರು 2 ಮೆಗಾಬಿಟ್ ಎಂದಿಟ್ಟುಕೊಂಡರೆ ಒಂದು ಕ್ಯಾಮೆರಾ ದಿನಕ್ಕೆ 21.6 ಜಿಬಿ ತುಂಬಿಸುತ್ತದೆ. ಎಂಟು ಕ್ಯಾಮೆರಾಕ್ಕೆ 172.8 ಜಿಬಿ. ಹೀಗಿರುವಾಗ ಒಂದು ಟಿಬಿ ಡಿಸ್ಕು ಆರು ದಿನ ತುಂಬುವ ಮೊದಲೇ ಹಳೆಯದರ ಮೇಲೆ ಹೊಸದನ್ನು ಬರೆಯತೊಡಗುತ್ತದೆ. ಮದುವೆ ಮುಗಿದ ಹತ್ತನೇ ದಿನ ಒಡವೆ ಕಾಣೆಯಾದ ಸಂಗತಿ ತಿಳಿದು ಮಂಟಪಕ್ಕೆ ಬಂದವರಿಗೆ ಅಲ್ಲಿ ಏನೂ ಸಿಗುವುದಿಲ್ಲ. ಮೂವತ್ತು ದಿನಕ್ಕೆ ಬೇಕಾಗುವುದು 5.2 ಟಿಬಿ, ಎಂದರೆ 6 ಟಿಬಿ ಡಿಸ್ಕು. ಕ್ಯಾಮೆರಾ ಹದಿನಾರಾದರೆ 10.4 ಟಿಬಿ ಬೇಕು, ಆಗ 6 ಟಿಬಿಯ ಎರಡು ಡಿಸ್ಕು. ದೃಶ್ಯ ದಾಖಲಿಸುವ ಡಬ್ಬಿ, ಅಂದರೆ ಡಿವಿಆರ್, ಎಷ್ಟು ಟಿಬಿವರೆಗೆ ಒಪ್ಪುತ್ತದೆ, ಎಷ್ಟು ಡಿಸ್ಕಿಗೆ ಜಾಗವಿದೆ ಎಂಬುದನ್ನು ದುಡ್ಡು ಕೊಡುವ ಮೊದಲೇ ನೋಡಬೇಕು.

ಚಲನೆ ಕಂಡಾಗ ಮಾತ್ರ ರೆಕಾರ್ಡ್ ಮಾಡಿದರೆ ಡಿಸ್ಕು ಉಳಿಯುತ್ತದಲ್ಲ ಎನ್ನುವವರಿದ್ದಾರೆ. ಗೋದಾಮಿನ ಒಳಗೆ ಆ ಮಾತು ನಿಜ. ರಸ್ತೆಗೆ ಮುಖ ಮಾಡಿದ ಕ್ಯಾಮೆರಾಕ್ಕೆ ಚಲನೆ ನಿಲ್ಲುವುದೇ ಇಲ್ಲ. ನಾಲೆ, ಗದ್ದೆ, ಕಬ್ಬಿನ ತೋಟಗಳ ನಡುವಿನ ಆಲೆಮನೆಯಲ್ಲಿ ರಾತ್ರಿಯ ಇನ್‌ಫ್ರಾರೆಡ್ ಬೆಳಕಿಗೆ ಹುಳು ಮುತ್ತುತ್ತವೆ, ಜೇಡ ಬಲೆ ಕಟ್ಟುತ್ತದೆ. ಕ್ಯಾಮೆರಾಕ್ಕೆ ಅದೆಲ್ಲ ಚಲನೆಯೇ. ಅದರ ಮೇಲೆ ಕತ್ತಲೆಯ ಚಿತ್ರದ ಚುಕ್ಕೆಗಳ ಗದ್ದಲ ಸಂಕೋಚನವನ್ನೂ ಕೆಡಿಸುತ್ತದೆ. ಆದ್ದರಿಂದ ಲೆಕ್ಕವನ್ನು ನಿರಂತರ ರೆಕಾರ್ಡಿಂಗ್‌ಗೇ ಹಾಕಬೇಕು. ಮಿಗಿಸಬೇಕೆಂದರೆ ಸೆಕೆಂಡಿಗೆ 25 ಚೌಕಟ್ಟಿನ ಬದಲು 15ಕ್ಕೆ ಇಳಿಸುವುದು ಹೆಚ್ಚು ನಂಬಿಕೆಯ ದಾರಿ.

ಡಿಸ್ಕಿನ ಗಾತ್ರದಷ್ಟೇ ಮುಖ್ಯ ಅದರ ಜಾತಿ. ಹಳೆಯ ಕಂಪ್ಯೂಟರಿನಿಂದ ಬಿಚ್ಚಿದ ಡಿಸ್ಕನ್ನು ಡಿವಿಆರ್‌ಗೆ ಹಾಕುವ ರೂಢಿಯನ್ನು ಕೈಬಿಡಲೇಬೇಕು. ಎಂಟು ಕ್ಯಾಮೆರಾಗಳು ವರ್ಷಕ್ಕೆ 63 ಟಿಬಿ ಬರೆಯುತ್ತವೆ. ಮೇಜಿನ ಕಂಪ್ಯೂಟರಿನ ಸಾಮಾನ್ಯ ಡಿಸ್ಕುಗಳಿಗೆ ತಯಾರಕರು ಹೇಳುವ ಮಿತಿ ವರ್ಷಕ್ಕೆ 55 ಟಿಬಿ ಆಸುಪಾಸು, ಅದೂ ದಿನದ ಕೆಲವು ಗಂಟೆಗಳ ಬಳಕೆಗೆ. ಡಬ್ಲ್ಯುಡಿ ಪರ್ಪಲ್, ಸೀಗೇಟ್ ಸ್ಕೈಹಾಕ್‌ನಂಥ ಕಣ್ಗಾವಲು ಡಿಸ್ಕುಗಳನ್ನು ಹಗಲೂ ರಾತ್ರಿ ಬರೆಯಲೆಂದೇ, ವರ್ಷಕ್ಕೆ 180 ಟಿಬಿಯ ಮಿತಿಯಲ್ಲಿ ರೂಪಿಸಲಾಗಿದೆ.

ಅಂಗಡಿ, ಹೋಟೆಲುಗಳಿಗೆ ಕ್ಯಾಮೆರಾ ಹಾಕುವ ನಮ್ಮ ಊರಿನ ಕೆಲಸಗಾರರು ಕಂಪ್ಯೂಟರಿನ ಬದಲು ಡಿವಿಆರ್ ಸೂಚಿಸುವುದು ಒಳ್ಳೆಯ ನಿರ್ಧಾರ. ಅದಕ್ಕೆ ಕರೆಂಟು ಕಡಿಮೆ ಸಾಕು, ಅಪ್‌ಡೇಟ್ ಎಂದು ನಡುರಾತ್ರಿ ತಾನೇ ಮರುಚಾಲೂ ಆಗುವ ತೊಂದರೆಯಿಲ್ಲ, ಕೆಟ್ಟರೆ ಬದಲಿಸುವುದು ಸುಲಭ. ಕಾಲೇಜು, ಗಿರಣಿ, ದೊಡ್ಡ ಆಸ್ಪತ್ರೆಗಳಲ್ಲಿ ಹದಿನಾರು, ಮೂವತ್ತೆರಡು ಐಪಿ ಕ್ಯಾಮೆರಾಗಳಾದಾಗ ಅಸೆಂಬಲ್ ಮಾಡಿದ ಕಂಪ್ಯೂಟರ್‌ಗೂ ಅರ್ಥವಿದೆ. ಅಲ್ಲಿ ದುಡ್ಡು ಹೋಗುವುದು ಮಾತ್ರ ತಪ್ಪು ಜಾಗಕ್ಕೆ, ದೊಡ್ಡ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡಿಗೆ. ಐಪಿ ಕ್ಯಾಮೆರಾ ದೃಶ್ಯವನ್ನು ತಾನೇ ಸಂಕುಚಿಸಿ ಕಳಿಸುತ್ತದೆ, ಕಂಪ್ಯೂಟರ್ ಅದನ್ನು ಡಿಸ್ಕಿಗೆ ಇಳಿಸಿದರೆ ಸಾಕು. ಹದಿನಾರು ಕ್ಯಾಮೆರಾ ಸೇರಿದರೂ ಸೆಕೆಂಡಿಗೆ 4 ಮೆಗಾಬೈಟ್ ಅಷ್ಟೆ. ಪ್ರೊಸೆಸರ್ ಬಸವಳಿಯುವುದು ಹದಿನಾರು ದೃಶ್ಯಗಳನ್ನೂ ಬಿಚ್ಚಿ ಒಂದೇ ಪರದೆಯ ಮೇಲೆ ತೋರಿಸುವಾಗ. ಪರದೆಗೆ ಕ್ಯಾಮೆರಾದ ಸಣ್ಣ ಸ್ಟ್ರೀಮ್, ಡಿಸ್ಕಿಗೆ ಪೂರ್ಣ ಸ್ಟ್ರೀಮ್ ಎಂದು ಬೇರ್ಪಡಿಸಿದರೆ ಗ್ರಾಫಿಕ್ಸ್ ಒಳಗೊಂಡ ಮಧ್ಯಮ ದರ್ಜೆಯ ಇಂಟೆಲ್ ಪ್ರೊಸೆಸರ್ ನಿಭಾಯಿಸುತ್ತದೆ. ಮನುಷ್ಯ, ವಾಹನ ಗುರುತಿಸುವ ಎಐ ಬೇಕೆಂದಾಗ ಮಾತ್ರ ಲೆಕ್ಕ ಬೇರೆ. ಆಪರೇಟಿಂಗ್ ಸಿಸ್ಟಮ್ ಒಂದು ಸಣ್ಣ ಎಸ್‌ಎಸ್‌ಡಿಯಲ್ಲಿರಲಿ, ದೃಶ್ಯ ಪ್ರತ್ಯೇಕ ಡಿಸ್ಕಿನಲ್ಲಿರಲಿ.

ಡಬ್ಬಿಯನ್ನು ಎಲ್ಲಿಡುತ್ತೇವೆ ಎಂಬುದೂ ಆಯ್ಕೆಯ ಭಾಗ. ಗಲ್ಲಾಪೆಟ್ಟಿಗೆಯ ಮೇಲೆ ಎಲ್ಲರಿಗೂ ಕಾಣುವಂತಿಟ್ಟರೆ ಕಳ್ಳ ಮೊದಲು ಒಯ್ಯುವುದು ಅದನ್ನೇ. ಶೀಟಿನ ಕೆಳಗಿನ ಅಟ್ಟದಲ್ಲಿಟ್ಟರೆ ಬೇಸಿಗೆಯ ಕಾವು ಡಿಸ್ಕಿನ ಆಯುಸ್ಸು ತಿನ್ನುತ್ತದೆ. ಕರೆಂಟು ಹಠಾತ್ತನೆ ಹೋದರೆ ಬರೆಯುತ್ತಿದ್ದ ಕಡತ ಕೆಡಬಹುದು, ಆದ್ದರಿಂದ ಡಿವಿಆರ್‌ಗೂ ಕ್ಯಾಮೆರಾಗಳಿಗೂ ಯುಪಿಎಸ್ ಬೇಕು. ಪಾಸ್‌ವರ್ಡ್ ಬದಲಿಸದೆ ಇಂಟರ್ನೆಟ್ಟಿಗೆ ತೆರೆದಿಟ್ಟ ಕ್ಯಾಮೆರಾ, ಡಿವಿಆರ್‌ಗಳನ್ನು 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶ ಜಗತ್ತಿನಾದ್ಯಂತ ವಶಪಡಿಸಿಕೊಂಡಿತ್ತು. ಆ ಪಾಠ ಇಲ್ಲಿಗೂ ಸಲ್ಲುತ್ತದೆ.

ಇಷ್ಟೆಲ್ಲ ಸರಿಯಿದ್ದೂ ಗಡಿಯಾರ ತಪ್ಪಿದ್ದರೆ ಶ್ರಮ ಹಾಳು. ಡಿವಿಆರ್ ಒಳಗಿನ ನಾಣ್ಯದಾಕಾರದ ಬ್ಯಾಟರಿ ಸತ್ತರೆ ಸಮಯ ದಾರಿ ತಪ್ಪುತ್ತದೆ. ಇಂಟರ್ನೆಟ್ ಸಮಯಕ್ಕೆ ಜೋಡಿಸುವ ಎನ್‌ಟಿಪಿ ಸೆಟ್ಟಿಂಗ್ ಹಾಕಿಕೊಟ್ಟರೆ ಖರ್ಚಿಲ್ಲದೆ ಸರಿಯಾಗುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಡಿಜಿಟಲ್ ದಾಖಲೆಯ ಜೊತೆ ಹ್ಯಾಶ್ ಮೌಲ್ಯವಿರುವ ಪ್ರಮಾಣಪತ್ರ ಕೊಡಬೇಕು. ತಾನು ದಾಖಲಿಸಿದ ಹೊತ್ತನ್ನೇ ತಪ್ಪಾಗಿ ಹೇಳುವ ಯಂತ್ರದ ದೃಶ್ಯವನ್ನು ಪಾಟೀಸವಾಲಿನಲ್ಲಿ ಉಳಿಸಿಕೊಳ್ಳುವುದು ಕಷ್ಟ.

ಎಂಟು ಕ್ಯಾಮೆರಾ, ಒಂದು ಟಿಬಿಯ ಬದಲು ಆರು ಕ್ಯಾಮೆರಾ, ಆರು ಟಿಬಿ ಕೊಳ್ಳುವುದೇ ಮೇಲು. ಎರಡು ಮೂಲೆ ಕಾಣದಿದ್ದರೂ ಬಾಗಿಲು, ಗಲ್ಲಾ, ದಾಸ್ತಾನುಗಳ ಒಂದು ತಿಂಗಳ ದಾಖಲೆ ಕೈಯಲ್ಲಿರುತ್ತದೆ. ಬಿಲ್ಲಿನ ಮೇಲೆ ‘ಮೂವತ್ತು ದಿನ, ನಿರಂತರ’ ಎಂದು ಬರೆಸಿಕೊಳ್ಳಿ. ಹಾಕಿಸಿ ಒಂದು ತಿಂಗಳಾದಾಗ, ಬಾಕಿ ಹಣ ಕೊಡುವ ಮೊದಲು, ಮೊದಲ ದಿನದ ದೃಶ್ಯವನ್ನು ತೆರೆದು ತೋರಿಸಲು ಹೇಳಿ. ಅದು ತೆರೆದರೆ ನೀವು ಕೊಂಡದ್ದು ಸರಿಯಾಗಿದೆ.