ಫೈಸಲು ಮತ್ತು ಜಾರಿ

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ತಾಲೂಕುಗಳ ಆದಿವಾಸಿಗಳ ಹೋರಾಟದಲ್ಲಿ ಮತ್ತೆ ಮತ್ತೆ ಕೇಳಿಬರುವ ಹೆಸರು ‘ಅಸ್ಸಾದಿ ವರದಿ’. ನಾಗರಹೊಳೆ ಕಾಡಿನಿಂದ ಹೊರಬಿದ್ದವರ ಸ್ಥಿತಿಗತಿ ತಿಳಿಯಲು ಕರ್ನಾಟಕ ಹೈಕೋರ್ಟ್ ಮೈಸೂರು ವಿಶ್ವವಿದ್ಯಾನಿಲಯದ ಪ್ರೊ. ಮುಜಾಫರ್ ಅಸ್ಸಾದಿಯವರ ನೇತೃತ್ವದಲ್ಲಿ ಸಮಿತಿ ನೇಮಿಸಿತ್ತು. 2014ರಲ್ಲಿ ಸಲ್ಲಿಕೆಯಾದ ವರದಿ, 3,418 ಕುಟುಂಬಗಳು ನೆಲೆ ಕಳೆದುಕೊಂಡಿವೆ ಎಂದು ಗುರುತಿಸಿತು. ಇವರಲ್ಲಿ ಹೆಚ್ಚಿನವರು ಜೇನುಕುರುಬರು, ಬೆಟ್ಟಕುರುಬರು, ಯರವರು. ಕಾಡು ಬಿಟ್ಟ ಅನೇಕರು ಕೊಡಗಿನ ಕಾಫಿತೋಟಗಳ ಕೂಲಿಗಳಾದರು. ಅಸ್ಸಾದಿಯವರು 2025ರಲ್ಲಿ ತೀರಿಕೊಂಡರು. ವರದಿ ಜಾರಿಯಾಗಲಿ ಎಂಬ ಕೂಗು ಮಾತ್ರ ಉಳಿದಿದೆ.

ಇದೇ ಕಾಡಿನ ಇನ್ನೊಂದು ಮೊಕದ್ದಮೆಯನ್ನು ನಾವು ಇದರ ಪಕ್ಕದಲ್ಲಿಟ್ಟು ನೋಡಬೇಕು. ನಾಗರಹೊಳೆಯೊಳಗೆ ಐಷಾರಾಮಿ ಹೋಟೆಲಿಗೆ ಜಾಗ ಬಿಟ್ಟುಕೊಟ್ಟದ್ದು ಕಾನೂನುಬಾಹಿರವೆಂದು 1997ರಲ್ಲಿ ಇದೇ ಹೈಕೋರ್ಟ್ ಹೇಳಿತು. ಆದಿವಾಸಿಗಳೇ ಮುಂದೆ ನಿಂತು ವಿರೋಧಿಸಿದ್ದ ಆ ಹೋಟೆಲ್ ತೆರೆಯಲಿಲ್ಲ. ಅಲ್ಲಿ ನ್ಯಾಯಾಲಯ ‘ಬೇಡ’ ಎಂದರೆ ಸಾಕಾಗಿತ್ತು. ಇಲ್ಲಿ ‘ಕೊಡಿ’ ಎನ್ನಬೇಕು. ಕೊಡುವ ಕೈ ಅರಣ್ಯ, ಕಂದಾಯ, ಸಮಾಜ ಕಲ್ಯಾಣ ಇಲಾಖೆಗಳದು. ತಡೆಯಲು ಒಂದು ಆದೇಶ ಸಾಕು, ಮರಳಿ ಕೊಡಿಸಲು ವರ್ಷಗಟ್ಟಲೆ ಬೆನ್ನುಹತ್ತಬೇಕು.

ಕಾನೂನಿಗೇನೂ ಕೊರತೆಯಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯನ್ನು ಮಾಡಿದ್ದು ಸಂಸತ್ತು. 2005ರ ಡಿಸೆಂಬರ್ 13ಕ್ಕೆ ಮೊದಲು ಕಾನೂನುಬಾಹಿರವಾಗಿ ಒಕ್ಕಲೆಬ್ಬಿಸಲ್ಪಟ್ಟು ಪುನರ್ವಸತಿ ಸಿಗದವರಿಗೆ ಬದಲಿ ಭೂಮಿ ಸೇರಿದ ಪುನರ್ವಸತಿಯ ಹಕ್ಕನ್ನು ಅದು ಕೊಡುತ್ತದೆ. ಆದರೂ 2019ರ ಫೆಬ್ರವರಿ 13ರಂದು ಸುಪ್ರೀಂ ಕೋರ್ಟ್, ಅರ್ಜಿ ತಿರಸ್ಕೃತರಾದವರನ್ನು ತೆರವುಗೊಳಿಸುವಂತೆ ರಾಜ್ಯಗಳಿಗೆ ಹೇಳಿತು. ಹದಿನೈದೇ ದಿನಗಳಲ್ಲಿ ತನ್ನ ಆದೇಶವನ್ನು ತಾನೇ ತಡೆಹಿಡಿಯಿತು. ಆ ಹದಿನೈದು ದಿನ ಹಾಡಿಯ ಮನೆಗಳು ಯಾವ ಧೈರ್ಯದಲ್ಲಿ ನಿದ್ದೆ ಮಾಡಬೇಕಿತ್ತು?

ಮತ್ತೊಂದು ತೊಡಕು ಭಾಷೆಯದು. ಸಂವಿಧಾನದ 348ನೇ ವಿಧಿಯಂತೆ ಹೈಕೋರ್ಟಿನ ಭಾಷೆ ಇಂಗ್ಲಿಷ್. ಕಾಡಿನವರ ಬದುಕು ಅವರಿಗೆ ತಿಳಿಯದ ನುಡಿಯಲ್ಲಿ ತೀರ್ಮಾನವಾಗುತ್ತದೆ. ಮೂರು ತಿಂಗಳಿಗೊಮ್ಮೆ, ಯಾವ ಕುಟುಂಬಕ್ಕೆ ಏನು ಸಿಕ್ಕಿತು ಎಂಬ ಲೆಕ್ಕವನ್ನು ಕನ್ನಡದಲ್ಲಿ ಬರೆಸಿ, ಗ್ರಾಮಸಭೆಯಲ್ಲಿ ಓದಿಸಿ, ಜಿಲ್ಲಾ ನ್ಯಾಯಾಧೀಶರ ಮೂಲಕ ತರಿಸಿಕೊಳ್ಳುವುದು ಹೈಕೋರ್ಟಿಗೆ ಅಸಾಧ್ಯವೇನಲ್ಲ.

ಫೈಸಲು, ಜಾರಿ ಎರಡೂ ಉರ್ದುವಿನ ಹಾದಿಯಲ್ಲಿ ಕನ್ನಡಕ್ಕೆ ಬಂದ ಮಾತುಗಳು. ಉರ್ದುವಿನಲ್ಲಿ ಹರಿಯುವ ನೀರಿಗೂ ‘ಜಾರಿ’ ಎನ್ನುತ್ತೇವೆ. ಬೆಂಗಳೂರಿನಲ್ಲಿ ಕಟ್ಟಿ ನಿಂತ ನ್ಯಾಯ ಹಾಡಿಯವರೆಗೆ ಹರಿಯದಿದ್ದರೆ ಅದು ಬರೀ ಫೈಸಲು.