ಛಾಯಾಚಿತ್ರವೂ ಕೊಡಚಾದ್ರಿಯೂ

ತ್ರಾಸಿಯ ಕಡಲದಂಡೆಯಲ್ಲಿ ನಿಂತು ಮೂಡಣಕ್ಕೆ ಮೊಗಮಾಡಿದವರಿಗೆ, ಮಳೆಗಾಲ ಕಳೆದ ತಿಳಿದಿನಗಳಲ್ಲಿ, ತೆಂಗಿನ ಸಾಲುಗಳಾಚೆ ಕೊಡಚಾದ್ರಿಯು ನೀಲಿಯ ಗೆರೆಯಾಗಿ ತೋರುವುದು. 1343 ಮೀಟರು ಎತ್ತರದ ಗಿರಿಯಾದರೂ ಇಷ್ಟು ದೂರದಿಂದ ಅದರ ಬಂಡೆಗಳ ಬಿರುಸು ಬರಿಗಣ್ಣಿಗೆ ಗೋಚರಿಸದು. ಅದೇ ಗಿರಿಯು ದೂರದೃಷ್ಟಿಯ ಮಸೂರದಿಂದ ತೆಗೆದ ಪಟದಲ್ಲಿ ತೆಂಗಿನ ಮರಗಳ ಬೆನ್ನಿಗೇ ಕೋಟೆಯ ಗೋಡೆಯಂತೆ ಎದ್ದು ನಿಲ್ಲಬಲ್ಲುದು. ಹಾಗಾದರೆ ಹುಸಿ ಯಾವುದು, ಕಣ್ಣೋ ಪಟವೋ?

ಯಂತ್ರವು ಸುಳ್ಳಾಡದೆಂಬ ನಂಬಿಕೆ ಜನರಲ್ಲಿ ಬಲವಾಗಿದೆ. ಯಂತ್ರಕ್ಕೆ ಸುಳ್ಳು ತಿಳಿಯದೆಂಬುದು ದಿಟ. ಆದರೆ ಎಲ್ಲಿ ನಿಲ್ಲಬೇಕು, ಏನನ್ನು ಚೌಕಟ್ಟಿನ ಹೊರಗಿಡಬೇಕು ಎಂಬುದನ್ನು ಗೊತ್ತುಮಾಡುವವನು ಮನುಷ್ಯನು. ಮರಗಳಿಂದ ಬಹುದೂರ ಹಿಂದೆ ಸರಿದು, ದೃಶ್ಯದ ಕಿರಿದೊಂದು ಭಾಗವನ್ನಷ್ಟೇ ಹಿಗ್ಗಿಸಿ ಹಿಡಿದರೆ, ಮರಕ್ಕೂ ಮಲೆಗೂ ನಡುವಣ ಹರವು ಅಡಗಿಹೋಗುವುದು. ಅಗಲದೃಷ್ಟಿಯ ಮಸೂರದಲ್ಲಾದರೋ ಅದೇ ಮಲೆಯು ಇರುವೆಯ ಹುತ್ತದಷ್ಟಾಗುವುದು.

ಈ ಮಾರ್ಪಾಡು ಹೊಸತಲ್ಲ. 1856ರಲ್ಲಿ ಸೇನಾಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬವರು ಹಂಪೆಯ ಗುಡಿಗಳನ್ನು ಮೇಣ ಸವರಿದ ಕಾಗದದ ಮೇಲೆ ಚಿತ್ರಿಸಿದರು. ಅಂದಿನ ರಾಸಾಯನಿಕಗಳಿಗೆ ನೀಲಿಯ ಬೆಳಕು ಅತಿಯಾಗಿ ತಾಗುತ್ತಿದ್ದುದರಿಂದ ಆಕಾಶವು ಮೋಡದ ಸುಳಿವಿಲ್ಲದೆ ಬಿಳಿಚಿಕೊಳ್ಳುತ್ತಿತ್ತು; ಬೆಳಕಿಗೆ ಬಹುಹೊತ್ತು ಒಡ್ಡಬೇಕಾದುದರಿಂದ ನಡೆದಾಡುವ ಜನರು ಪಟದಲ್ಲಿ ಮೂಡದೆ ಅಳಿಯುತ್ತಿದ್ದರು. ಹಂಪೆಯ ಬಂಡೆಗಳ ನಿರ್ಜನ ಗಾಂಭೀರ್ಯವೆಂದು ನೋಡುಗನು ಮೆಚ್ಚುವುದರಲ್ಲಿ ರಸಾಯನದ ಪಾಲೂ ಉಂಟು. 1927ರಲ್ಲಿ ಅಮೆರಿಕೆಯ ಯೊಸೆಮಿಟಿ ಕಣಿವೆಯಲ್ಲಿ ಆನ್ಸೆಲ್ ಆಡಮ್ಸ್ ಅವರು ಕೆಂಪು ಗಾಜನ್ನು ಮುಂದಿಟ್ಟು ಹಾಫ್ ಡೋಮ್ ಎಂಬ ಬಂಡೆಬೆಟ್ಟವನ್ನು ತೆಗೆದರು. ಹಗಲಿನ ಬಾನು ಕಪ್ಪಾಯಿತು. ಬಂಡೆಯ ಮುಂದೆ ತಮಗಾದ ಅನುಭವಕ್ಕಾಗಿ ಹಾಗೆ ಮಾಡಿದುದಾಗಿ ಅವರೇ ವಿವರಿಸಿದರು, ಮುಚ್ಚಿಡಲಿಲ್ಲ.

ಆದುದರಿಂದ ಪಟವು ವಸ್ತುವನ್ನು ಮಾರ್ಪಡಿಸಿತೆಂದು ದೂರುವುದು ವಿಮರ್ಶೆಯಾಗದು. ಆ ಮಾರ್ಪಾಡು ನೋಡುಗನನ್ನು ವಸ್ತುವಿನೆಡೆಗೆ ಮರಳಿಸುವುದೋ, ವಸ್ತುವನ್ನೇ ಮರೆಸುವುದೋ ಎಂಬುದನ್ನು ವಿಚಾರಿಸಬೇಕು. ತ್ರಾಸಿ-ಮರವಂತೆಯ ಪ್ರಸಿದ್ಧ ದೃಶ್ಯವನ್ನೇ ನೋಡಿರಿ: ಪಡುವಣದಲ್ಲಿ ಕಡಲು, ಮೂಡಣದಲ್ಲಿ ಸೌಪರ್ಣಿಕೆ, ನಡುವೆ ಹೆದ್ದಾರಿ. ದಾರಿಯಲ್ಲಿ ನಿಂತವನು ಒಂದನ್ನು ನೋಡಲು ಇನ್ನೊಂದಕ್ಕೆ ಬೆನ್ನು ತಿರುಗಿಸಬೇಕು. ಆಕಾಶದಿಂದ ತೆಗೆದ ಪಟವು ಎರಡನ್ನೂ ಒಂದೇ ನೋಟದಲ್ಲಿ ಕೂಡಿಸುತ್ತದೆ. ಕೊಡಚಾದ್ರಿಯ ಸೀಮೆಯಿಂದಿಳಿದ ನದಿಯು ಕಡಲ ಬಳಿಸಾರಿಯೂ ಬೆರೆಯದೆ ಗಂಗೊಳ್ಳಿಯ ಕಡೆಗೆ ತಿರುಗುವ ಸೋಜಿಗವು ಆ ಎತ್ತರದಿಂದಲೇ ಚೆನ್ನಾಗಿ ತಿಳಿಯುವುದು. ಇಲ್ಲಿ ಮಾರ್ಪಾಡು ಸತ್ಯಕ್ಕೆ ನೆರವಾಯಿತು.

ಆದರೆ ಅದೇ ತೀರದಲ್ಲಿ ಕಡಲ್ಕೊರೆತವನ್ನು ತಡೆಯಲೆಂದು ರಾಶಿಹಾಕಿದ ಬಂಡೆಗಳಿವೆ. ಅಂದಗೆಡುವುದೆಂದು ಅವನ್ನು ಚೌಕಟ್ಟಿನಿಂದ ತಪ್ಪಿಸಿದ ಪಟವು ಮೀನುಗಾರರ ಮನೆಗಳ ಆತಂಕವನ್ನೂ ತಪ್ಪಿಸಿಬಿಡುತ್ತದೆ. ದೂರದ ಮಲೆಯನ್ನು ಹತ್ತಿರಕ್ಕೆ ತಂದ ಜಾಣ್ಮೆಯು ಕಾಲಬುಡದ ಕಲ್ಲನ್ನು ಕಾಣದಾದರೆ, ಆ ಪಟವನ್ನು ಸುಂದರವೆನ್ನಬಹುದು, ತ್ರಾಸಿಯ ಪಟವೆನ್ನಲಾಗದು.