ಬಿರುದುಗಳ ನಡುವೆ ಅಹಮದ್ ಖಾನ್

ಆಟಗಾರನೊಬ್ಬನ ಬದುಕನ್ನು ಬರೆಯಹೊರಟವರ ಕೈಗೆ ಮೊದಲು ಸಿಗುವುದು ಬಿರುದು. ಕನ್ನಡದ ಓದುಗರಿಗೆ ಇದು ಹೊಸತಲ್ಲ. ಪಂಪ ತನ್ನ ದೊರೆ ಅರಿಕೇಸರಿಯನ್ನು ಅರ್ಜುನನಲ್ಲಿ ಬೆರೆಸಿದಾಗ ಹೊಗಳಿದ್ದಷ್ಟೇ ಅಲ್ಲ, ಆ ದೊರೆಯನ್ನು ಹೇಗೆ ನೋಡಬೇಕೆಂಬುದನ್ನೂ ತೀರ್ಮಾನಿಸಿಬಿಟ್ಟ. ಬಿರುದು ಎಂದರೆ ಒಂದು ಓದು. ಬೆಂಗಳೂರಿನ ಫುಟ್‌ಬಾಲ್ ಆಟಗಾರ ಅಹಮದ್ ಖಾನ್ (1926–2017) ಅವರ ಬಗೆಗಿನ ಬರಹಗಳಲ್ಲಿ ಮೂರು ಬಿರುದುಗಳು ಮತ್ತೆ ಮತ್ತೆ ಎದುರಾಗುತ್ತವೆ: ಬರಿಗಾಲಿನ ಆಟಗಾರ, ಹಾವಾಡಿಗ, ಪಾಂಡವ. ಈ ಮೂರೂ ಒಂದೇ ಬಗೆಯ ಓದುಗಳಲ್ಲ.

ಮೊದಲನೆಯದು ಎಲ್ಲಕ್ಕಿಂತ ಜನಪ್ರಿಯ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಹೆಚ್ಚಿನ ಆಟಗಾರರು ಬೂಟು ಹಾಕದೆ ಆಡಿದರು. ಎರಡು ಪೆನಾಲ್ಟಿ ಕೈತಪ್ಪಿ 1-2ರಿಂದ ಸೋತರು. ಭಾರತದ ಆ ಒಂದು ಗೋಲು ಬೆಂಗಳೂರಿನವರೇ ಆದ ಸಾರಂಗಪಾಣಿ ರಾಮನ್ ಅವರದು. 1952ರಲ್ಲಿ ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯಾ ಎದುರು 1-10ರ ಸೋಲು. ಆ ಒಂದು ಗೋಲು ಅಹಮದ್ ಖಾನರದು. ಲಂಡನ್ನಿನಲ್ಲಿ ಬರಿಗಾಲು ಹೆಮ್ಮೆಯಾಯಿತು, ಹೆಲ್ಸಿಂಕಿಯಲ್ಲಿ ಅದೇ ಬರಿಗಾಲು ನಾಚಿಕೆಯಾಯಿತು. ಆಮೇಲೆ ಬೂಟು ಕಡ್ಡಾಯವಾಯಿತು. 1950ರ ವಿಶ್ವಕಪ್ಪಿಗೆ ಭಾರತ ಹೋಗದಿರಲು ಬರಿಗಾಲೇ ಕಾರಣ ಎಂಬ ಕತೆಯೂ ಹುಟ್ಟಿಕೊಂಡಿತು. ನಿಜವಾಗಿ ಆಗ ನಮ್ಮ ಆಡಳಿತಗಾರರಿಗೆ ಒಲಿಂಪಿಕ್ಸ್ ಮುಂದೆ ವಿಶ್ವಕಪ್ ದೊಡ್ಡದಾಗಿ ಕಂಡಿರಲಿಲ್ಲ. ಕತೆ ಉಳಿಯಿತು, ಕಾರಣ ಮರೆಯಾಯಿತು. ಎರಡು ಒಲಿಂಪಿಕ್ಸ್‌ಗಳ ನಡುವೆ, 1951ರಲ್ಲಿ ದಿಲ್ಲಿಯ ಏಷ್ಯನ್ ಕ್ರೀಡಾಕೂಟದಲ್ಲಿ ಇದೇ ಅಹಮದ್ ಖಾನ್ ಇದ್ದ ತಂಡ ಚಿನ್ನ ಗೆದ್ದದ್ದು ಈ ಕತೆಯ ಅಂಚಿಗೆ ಸರಿಯಿತು.

ಎರಡನೆಯ ಬಿರುದು ಅವರ ಆಟದ ಮೇಲೆ ಬಂದದ್ದು. ಚೆಂಡನ್ನು ಕಾಲಿಗೆ ಅಂಟಿಸಿಕೊಂಡಂತೆ ಎದುರಾಳಿಗಳ ನಡುವಿಂದ ನುಸುಳುತ್ತಿದ್ದ ಅವರನ್ನು ಹಾವಾಡಿಗ ಎಂದು ಕರೆದರು. ಭಾರತವೆಂದರೆ ಹಾವಾಡಿಗರ ನಾಡು ಎಂಬ ಹಳೆಯ ಪರದೇಶಿ ಚಿತ್ರವನ್ನು ನಾವೇ ನಮ್ಮವರ ಮೇಲೆ ಹೊದಿಸಿದ ಹಾಗಾಯಿತು. ಮಾಟವೆಂದು ಕರೆದ ಮೇಲೆ ವರ್ಷಗಟ್ಟಲೆ ಮಾಡಿದ ಅಭ್ಯಾಸದ ಬಗ್ಗೆ ಯಾರೂ ಕೇಳಬೇಕಾಗಿಲ್ಲ.

ಇಲ್ಲಿ ಹೋಲಿಕೆಯೊಂದು ಉಪಯೋಗಕ್ಕೆ ಬರುತ್ತದೆ. 1948ರ ಅದೇ ಒಲಿಂಪಿಕ್ಸ್‌ನಲ್ಲಿ ಡೆನ್ಮಾರ್ಕ್ ಕಂಚು ಗೆದ್ದಿತು. ಅದರ ಮುಂಚೂಣಿ ಆಟಗಾರ ಜಾನ್ ಹ್ಯಾನ್ಸನ್ ಏಳು ಗೋಲು ಹೊಡೆದು ಇಟಲಿಯ ಯುವೆಂಟಸ್ ಕ್ಲಬ್ಬು ಸೇರಿದರು. ಸಂಬಳಕ್ಕೆ ಆಡುವವರನ್ನು ಡೆನ್ಮಾರ್ಕ್ ಆಗ ರಾಷ್ಟ್ರೀಯ ತಂಡಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಆ ಬೆಲೆ ತೆತ್ತ ಹ್ಯಾನ್ಸನ್ 1951-52ರಲ್ಲಿ 30 ಗೋಲು ಹೊಡೆದು ಇಟಲಿಯ ಲೀಗಿನಲ್ಲೇ ಮೊದಲಿಗರಾದರು. ಅಹಮದ್ ಖಾನ್ 1949ರಲ್ಲಿ ಬೆಂಗಳೂರು ಬಿಟ್ಟು ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿ ಸುಮಾರು ಹತ್ತು ವರ್ಷ ಆಡಿದರು. ಇಬ್ಬರೂ ಕಾಲನ್ನು ನಂಬಿ ಊರು ಬಿಟ್ಟವರೇ. ಹ್ಯಾನ್ಸನ್ ಬದುಕು ವೃತ್ತಿಯೆಂದು ದಾಖಲಾಯಿತು, ಅಹಮದ್ ಖಾನರದು ಬೆರಗೆಂದು.

ಮೂರನೆಯ ಬಿರುದಿನ ಗುಣ ಬೇರೆ. ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹಮದ್ ಖಾನ್, ಸಾಲೆ: ಈಸ್ಟ್ ಬೆಂಗಾಲಿನ ಈ ಐವರು ಮುಂಚೂಣಿ ಆಟಗಾರರನ್ನು ಅಭಿಮಾನಿಗಳು ಪಂಚಪಾಂಡವರೆಂದರು. 1949ರಿಂದ 1951ರವರೆಗೆ ಸತತ ಮೂರು ಸಲ ಆ ಕ್ಲಬ್ಬು ಐಎಫ್‌ಎ ಶೀಲ್ಡ್ ಗೆದ್ದಿತು. ಐವರಲ್ಲಿ ಒಬ್ಬರೂ ಬಂಗಾಳಿಯಲ್ಲ. ಎಲ್ಲರೂ ದಕ್ಷಿಣದವರು, ಇಬ್ಬರು ಮುಸ್ಲಿಮರು. ಹೆಸರಿಟ್ಟವರಲ್ಲಿ ದೇಶ ವಿಭಜನೆಯಲ್ಲಿ ಮನೆಮಠ ಕಳೆದುಕೊಂಡು ಬಂದ ಅಸಂಖ್ಯ ಜನರಿದ್ದರು. ಧರ್ಮದ ಹೆಸರಲ್ಲಿ ನಾಡು ಸೀಳಿ ಎರಡೇ ವರ್ಷವಾಗಿತ್ತು. ಅಂಥ ಹೊತ್ತಿನಲ್ಲಿ ನಿರಾಶ್ರಿತರು ಬೆಂಗಳೂರಿನ ಮುಸ್ಲಿಂ ಹುಡುಗನನ್ನು ಪಾಂಡವರ ಸಾಲಿಗೆ ಸೇರಿಸಿದರು. ಬೆರಗುಪಟ್ಟು ದೂರ ನಿಲ್ಲದೆ ಅವನನ್ನು ಮನೆಯವನನ್ನಾಗಿ ಮಾಡಿಕೊಂಡ ಬಿರುದು ಇದು. ಜೊತೆಗೆ ಇದು ಒಬ್ಬನಿಗೆ ಕೊಟ್ಟದ್ದಲ್ಲ. ಪಾಸು ಕೊಡುವವನೂ ಪಡೆಯುವವನೂ ಇದರೊಳಗೆ ಇದ್ದಾರೆ. ಆಟದ ಸ್ವರೂಪಕ್ಕೆ ಹತ್ತಿರವಾದದ್ದು ಇದೊಂದೇ.

ಪಂಪನನ್ನೂ ಕುಮಾರವ್ಯಾಸನನ್ನೂ ಪಡೆದ ನಮ್ಮ ಭಾಷೆ ಈ ಮಾತನ್ನು ಬಂಗಾಳದಿಂದ ಕೇಳಬೇಕಾಯಿತು. ಕಾರಣವನ್ನು ಊಹಿಸುವುದು ಕಷ್ಟವಲ್ಲ. ಬೆಂಗಳೂರಿನ ಫುಟ್‌ಬಾಲ್ ಹೆಚ್ಚಾಗಿ ಬೆಳೆದದ್ದು ತಮಿಳು, ಉರ್ದು, ಇಂಗ್ಲಿಷ್ ಆಡುವ ದಂಡು ಪ್ರದೇಶದ ಕೇರಿಗಳಲ್ಲಿ. ಕನ್ನಡ ಸಾಹಿತ್ಯ ಆ ಕಡೆ ಹೋದದ್ದು ಕಡಿಮೆ. ಬೆಳಗಾವಿಯ ಮಹಾಂತೇಶ ನಗರದಲ್ಲಿ ಕೂತು ಬರೆಯುವ ನನಗೆ ಈ ಕೊರತೆ ಇನ್ನಷ್ಟು ಎದ್ದು ಕಾಣುತ್ತದೆ. ಇಲ್ಲಿನ ಮೈದಾನದಲ್ಲಿ ಹುಡುಗರು ಚೆಂಡು ಕೇಳುವುದು ಮರಾಠಿಯಲ್ಲಿ, ಬೈಯುವುದು ಕನ್ನಡದಲ್ಲಿ, ಗೋಲಾದಾಗ ಕೂಗುವುದು ಹಿಂದಿಯಲ್ಲಿ. ಇವರಲ್ಲಿ ಯಾರ ಬದುಕು ಕನ್ನಡದ ಬರವಣಿಗೆಗೆ ಸೇರಿದ್ದು ಎಂಬ ಪ್ರಶ್ನೆಗೆ ಮನೆಮಾತನ್ನಷ್ಟೇ ನೋಡಿ ಉತ್ತರಿಸಿದರೆ ಅರ್ಧ ಮೈದಾನ ಖಾಲಿಯಾಗುತ್ತದೆ.

ಅಹಮದ್ ಖಾನರಿಗೆ ಕನ್ನಡದಲ್ಲಿ ನಾಲ್ಕನೆಯ ಬಿರುದು ಬೇಕಿಲ್ಲ. ಬೇಕಾದದ್ದು ಒಂದು ಜೀವನಚರಿತ್ರೆ: ಎಡ ಒಳಮುಂಚೂಣಿಯ ಆಟಗಾರ ಧನರಾಜನಿಗೆ ಚೆಂಡನ್ನು ಯಾವ ಗಳಿಗೆಯಲ್ಲಿ ದಾಟಿಸುತ್ತಿದ್ದ, ಬೂಟು ಬಂದ ಮೇಲೆ ಅವನ ಕಾಲು ಏನನ್ನು ಮರೆತು ಏನನ್ನು ಕಲಿಯಿತು, ಕಲ್ಕತ್ತೆಯಲ್ಲಿ ಊಟ ಬಾಡಿಗೆ ಹೇಗೆ ನಡೆಯಿತು ಎಂದು ಕೇಳುವ ಪುಸ್ತಕ. ಅದಕ್ಕೆ ಉರ್ದು, ಬಂಗಾಳಿ ಬಲ್ಲ ಕನ್ನಡದ ಸಂಶೋಧಕರೇ ಆಗಬೇಕು. ಬೆಂಗಳೂರಿನ ಹಳೆಯ ಆಟಗಾರರ ನೆನಪು ಇನ್ನೂ ಪೂರ್ತಿ ಆರಿಲ್ಲ. ಆ ಕೆಲಸವನ್ನು ಈಗಲೇ ಶುರುಮಾಡಬಹುದು.